ತಣ್ಣನೆ ಜೀಪಿನ ಪರೀಕ್ಷೆ

ಒಳ್ಳೆಯ ಎಂಜಿನ್ನುಗಳನ್ನು ಯಾರಿಗೆ ಕೊಡಬೇಕೆಂದು ದೇವರು ಯೋಚಿಸುವುದೇ ಇಲ್ಲ ಎಂಬುದು ಸುಭಾಷನ ಬಹುಕಾಲದ ದೂರು. ಇಸಳೂರಿನಲ್ಲಿ ಗ್ಯಾರೇಜು ಇಟ್ಟವನು ಅವನು. ಘಟ್ಟದಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವವನೂ ಅವನೇ. ಆದರೆ ಅವನ ಜೀಪು ಅರಬೈಲ್ ಏರಿನಲ್ಲಿ ಕಪ್ಪು ಹೊಗೆ ಉಗುಳುತ್ತ, ಗೂರಲು ಹಿಡಿದವರ ಹಾಗೆ ಏದುತ್ತ ಹತ್ತುತ್ತಿತ್ತು. ಇತ್ತ ನಿವೃತ್ತ ಶಿಕ್ಷಕಿ ರೋಹಿಣಿ ಅಕ್ಕೋರು ತಮ್ಮ ಜೀಪಿನಿಂದ ಸೋಂದಾಕ್ಕೆ ಹೋಗಿಬರುವುದಕ್ಕಿಂತ ದೊಡ್ಡ ಕೆಲಸ ಮಾಡಿಸಿದವರಲ್ಲ. ಅದರ ಎಂಜಿನ್ನಿನ ಸದ್ದೋ, ಕಿವಿಗೊಟ್ಟು ಕೇಳಿದರೆ ಸುಭಾಷನ ಕಣ್ಣು ಒದ್ದೆಯಾಗಬೇಕು, ಅಂಥದ್ದು.

ಒಂದು ದಿನ ಅರಬೈಲಿನಲ್ಲಿ ಲಾರಿ ಎಳೆಯಲು ಹೋದ ಅವನ ಜೀಪು ಲಾರಿಯ ಪಕ್ಕದಲ್ಲೇ ನಿಂತುಬಿಟ್ಟಿತು. ಇದೇ ಕಸುಬಿನ ಯಲ್ಲಾಪುರದ ಮುನಾಫ್ ತನ್ನ ಕ್ರೇನಿನಲ್ಲಿ ಬಂದು ಎರಡನ್ನೂ ಒಮ್ಮೆ ನೋಡಿದ.

"ಏನ್ ಸುಭಾಷಣ್ಣ, ಎಳೀಲಿಕ್ಕೆ ಬಂದದ್ದೋ, ಎಳಿಸ್ಕೊಳ್ಳಿಕ್ಕೆ ಬಂದದ್ದೋ? ಮೊದ್ಲೇ ಹೇಳಿದ್ರೆ ಉದ್ದದ ಹಗ್ಗ ತರ್ತಿದ್ದೆ."

ಲಾರಿಯ ಕ್ಲೀನರ್ ಕೂಡ ನಕ್ಕ. ಹಗ್ಗದ ತುದಿಯಲ್ಲಿ ಕೂತು ಯಲ್ಲಾಪುರ ಮುಟ್ಟುವಷ್ಟರಲ್ಲಿ ಸುಭಾಷ ತೀರ್ಮಾನಿಸಿಬಿಟ್ಟಿದ್ದ.

ಅಕ್ಕೋರ ಹತ್ತಿರ ಜೀಪು ಕೇಳಿರಲಿಲ್ಲವೆಂದಲ್ಲ. "ಅದು ಓಡೂ ತನಕ ಕೊಡೂದಿಲ್ಲ ಸುಭಾಷ," ಎಂದಿದ್ದರು. ಸರಿ, ಓಡುವುದಿಲ್ಲವೆಂದು ಅವರಿಗೆ ಅನ್ನಿಸಿದರಾಯಿತು. ಅವರ ಕೈಕೆಳಗೆ ಕಲಿತವನು ಅವರ ಮಾತೊಂದನ್ನು ಇಷ್ಟು ಶ್ರದ್ಧೆಯಿಂದ ಮನಸ್ಸಿಗೆ ತಂದುಕೊಂಡದ್ದು ಅದೇ ಮೊದಲು.

ಉಪಾಯ ಎಷ್ಟು ಶುದ್ಧವಾಗಿತ್ತೆಂದರೆ ಅದರಲ್ಲಿ ಸುಳ್ಳು ಹುಡುಕುವುದೇ ಕಷ್ಟ. ಸಿಲಿಂಡರಿನೊಳಗೆ ಗಾಳಿ ಎಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆಂದು ತೋರಿಸುವ ಕಂಪ್ರೆಶನ್ ಗೇಜು ಅವನ ಬಳಿ ಇತ್ತು. ಎಂಜಿನ್ ಓಡಿ ಬಿಸಿಯಾದ ಮೇಲೆ ಅಳೆದರೆ ಒಳಗಿನ ಲೋಹ ಹಿಗ್ಗಿ, ಸಂದು ಮುಚ್ಚಿ, ಮುಳ್ಳು ತನ್ನ ಜಾಗಕ್ಕೆ ಏರುತ್ತದೆ. ತಣ್ಣಗಿದ್ದಾಗ ಅದೇ ಎಂಜಿನ್ ಕಡಿಮೆ ತೋರಿಸುತ್ತದೆ. ಬ್ಯಾಟರಿ ಸೋತು ಎಂಜಿನ್ ನಿಧಾನ ತಿರುಗಿದರೆ ಇನ್ನೂ ಕಡಿಮೆ. ಹೀಗಿರುವಾಗ ಸುಳ್ಳು ಹೇಳುವ ಪಾಪವನ್ನು ಅವನೇಕೆ ಹೊರಬೇಕು? ಯಾವಾಗ ಕೇಳಬೇಕೆಂದು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಮುಳ್ಳು ನೋಡಿಕೊಳ್ಳುತ್ತದೆ.

ಚಾರ್ಜಿಗೆಂದು ಅಕ್ಕೋರ ಜೀಪಿನ ಬ್ಯಾಟರಿ ಒಯ್ದ. ಅರೆಹೊಟ್ಟೆಯಲ್ಲೇ ಅದನ್ನು ತಂದು ಕೂರಿಸಿದ. "ನಾಳೆ ಬೆಳಿಗ್ಗೆ ಕಂಪ್ರೆಶನ್ ನೋಡ್ತೇನೆ. ನಾ ಬರೂ ತನಕ ಸ್ಟಾರ್ಟ್ ಮಾಡ್ಬೇಡಿ ಅಕ್ಕೋರೆ, ಬಿಸಿಯಾದ್ರೆ ಬಿಚ್ಚೂವಾಗ ಕೈ ಸುಡ್ತದೆ," ಎಂದ. ಕೈ ಸುಡುವುದೂ ನಿಜವೇ. ಇಡೀ ಕೆಲಸದಲ್ಲಿ ಎಷ್ಟೊಂದು ನಿಜ ತುಂಬಿದೆಯೆಂದು ಅವನಿಗೇ ಹೆಮ್ಮೆಯಾಯಿತು.

ಮರುದಿನ ಮಂಜು ಹರಿಯುವ ಮುನ್ನವೇ ಹೋದ. ಅಕ್ಕೋರೇ ಒಳಗೆ ಕೂತು ಕೀಲಿ ತಿರುಗಿಸಿದರು. ಎಂಜಿನ್ ನಿದ್ದೆಗಣ್ಣಿನಲ್ಲಿ ಎರಡು ಸಲ ಹೊರಳಿತು. ನಾಲ್ಕೂ ಸಿಲಿಂಡರಿನಲ್ಲಿ ಮುಳ್ಳು ಅರ್ಧದಾರಿಯಲ್ಲೇ ಕೂತುಬಿಟ್ಟಿತು. ಸುಭಾಷ ಗೇಜನ್ನು ಅವರ ಕಣ್ಣೆದುರು ಹಿಡಿದು, ಮುಳ್ಳು ಬರಬೇಕಾಗಿದ್ದ ಜಾಗವನ್ನು ಉಗುರಿನಿಂದ ತೋರಿಸಿ, ಸಾವಿನ ಮನೆಗೆ ಹೋದವರ ಹಾಗೆ ತಲೆ ತಗ್ಗಿಸಿದ.

"ಬಿಚ್ಚಿ ಸರಿ ಮಾಡ್ಲಿಕ್ಕೆ ಬರೂದಿಲ್ವನ?"

"ಒಳಗೆ ಪೂರಾ ಸವೆದು ಹೋಗಿದೆ. ಸುಮ್ನೆ ಖರ್ಚು."

ಕೊಂಡುಕೊಳ್ಳುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಅದೇ ಅವನ ಜಾಣತನದ ತುತ್ತತುದಿ. ಅಕ್ಕೋರು ಒಳಗೆ ಹೋಗಿ ಕಷಾಯ ತಂದರು. ಲೋಟ ಕೊಡುವಾಗ ಅವನ ಬೆರಳು ತರಚಿದ್ದು ಕಂಡು ಮತ್ತೆ ಒಳಗೆ ಹೋಗಿ ಹತ್ತಿ, ಮುಲಾಮು ತಂದು, ಅವನು ಬೇಡವೆಂದರೂ ಬಿಡದೆ ತಾವೇ ಪಟ್ಟಿ ಕಟ್ಟಿದರು. ಈ ಉಪಚಾರವನ್ನೂ ಸುಭಾಷ ಉಪಾಯದ ಯಶಸ್ಸಿಗೇ ಜಮಾ ಮಾಡಿಕೊಂಡ.

"ಬೇರೆ ಯಾರಿಗಾದ್ರೂ ಕೊಟ್ರೆ?"

"ಛೆ, ಘಟ್ಟ ಹತ್ತುವಾಗ ಅರ್ಧಕ್ಕೇ ಕೈ ಕೊಡ್ತದೆ. ಹಿಂದೆ ಬರೂ ಲಾರಿಯವ್ನಿಗೆ ಕಾಣ್ಬೇಕಲ್ಲ? ಯಾರು ಓಡ್ಸಿದ್ರೂ ಜೀವಕ್ಕೆ ಅಪಾಯ ಅಕ್ಕೋರೆ. ಆ ಪಾಪ ನಿಮಗ್ಯಾಕೆ?" ಎಂದು ಗಂಟಲು ನಡುಗಿಸಿದ. ನಡುಕ ಚೆನ್ನಾಗಿ ಬಂತೆಂದು ಅವನಿಗೇ ಅನ್ನಿಸಿತು.

ಅಕ್ಕೋರು ಜೀಪಿನ ಬಾನೆಟ್ಟನ್ನು ಒಮ್ಮೆ ಸವರಿದರು. ಕೊನೆಗೆ, "ಹಾಗಾದ್ರೆ ಸೋಮವಾರ ಬಂದು ನೀನೇ ತಗೊಂಡು ಹೋಗು ಮಾರಾಯ. ಗುಜರಿಯವ್ರ ಕೈಗೆ ಕೊಡ್ಲಿಕ್ಕೆ ಮನಸ್ಸು ಬರೂದಿಲ್ಲ," ಎಂದರು.

ಅಂದೇ ಸುಭಾಷ ತನ್ನ ಏದುವ ಜೀಪನ್ನು ಶಿರಸಿಯ ಗುಜರಿಗೆ ತಳ್ಳಿಬಂದ. ಮುನಾಫನಿಗೆ ಫೋನು ಮಾಡಿ, "ಇನ್ ಮೇಲೆ ಹಗ್ಗ ತರೂ ತ್ರಾಸು ತಗೋಬೇಡ. ನಿನ್ನ ಕ್ರೇನು ನಿಂತ್ರೂ ನಾನೇ ಎಳೀತೇನೆ," ಎಂದ. ಆಚೆಯಿಂದ ಮುನಾಫ್ ತಣ್ಣಗೆ, "ಅಲ್ಲಾ ಹಾಗೇ ಮಾಡ್ಲಿ ಸುಭಾಷಣ್ಣ, ನನಗೂ ವಯಸ್ಸಾಯ್ತು," ಎಂದ. ಗೆದ್ದವನ ಔದಾರ್ಯದಿಂದ ಸುಭಾಷ ಅವನನ್ನು ಕ್ಷಮಿಸಿದ.

ಸೋಮವಾರ ಪೂರ್ತಿ ಚಾರ್ಜಾದ ಬ್ಯಾಟರಿ ಹೊತ್ತು ಹೋದ. ಜೀಪು ತೊಳೆದು ಹೊಳೆಯುತ್ತಿತ್ತು. ಮುಂದೆ ಒಂದು ದಾಸವಾಳ. ಬಾನೆಟ್ ಎತ್ತಿದ. ಒಳಗೆ ಅಂಗಳದ ನೆಲ ಕಂಡಿತು.

ಯಾರು ಓಡಿಸಿದರೂ ಅಪಾಯ ಎಂದಾಗ ಆ ‘ಯಾರು’ ಎಂಬುದರಲ್ಲಿ ಸುಭಾಷ ತನ್ನನ್ನು ಎಣಿಸಿರಲಿಲ್ಲ, ಅಕ್ಕೋರು ಎಣಿಸಿದ್ದರು. "ಗಾಡಿ ಕೊಟ್ರೆ ನೀನು ಅದೇ ಎಂಜಿನ್ ಹಾಕ್ಕೊಂಡು ಘಟ್ಟಕ್ಕೆ ಹೋಗೂ ಪೈಕಿ ಅಂತ ನನಗೆ ಗೊತ್ತಿಲ್ವನ," ಎನ್ನುತ್ತ ಅವರು ಕಷಾಯದ ಲೋಟ ಅವನ ಕೈಗಿಟ್ಟರು. "ನಿನಗೆ ಏನಾದ್ರೂ ಆದ್ರೆ ನನಗೆ ನಿದ್ದೆ ಬರ್ತದಾ? ಅದಕ್ಕೆ ಐಟಿಐಯವ್ರಿಗೆ ಹೇಳಿದೆ, ಅವ್ರೇ ಬಂದು ಎಂಜಿನ್ ಇಳಿಸ್ಕೊಂಡು ಹೋದ್ರು, ಮಕ್ಕಳು ಬಿಚ್ಚಿ ಕಲೀಲಿ ಅಂತ. ನಿನ್ನೆ ಅಲ್ಲಿಯ ಮಾಸ್ತರ್ರು ಫೋನ್ ಮಾಡಿದ್ರು. ಸ್ಟ್ಯಾಂಡಿನ ಮೇಲೆ ಕೂರ್ಸಿ, ಓಡ್ಸಿ ಬಿಸಿ ಮಾಡಿ ನೋಡಿದ್ರೆ ನಾಲ್ಕರಲ್ಲೂ ಮುಳ್ಳು ಪೂರಾ ಮೇಲೆ ಬಂತಂತೆ. ತಣ್ಣಗಿದ್ದಾಗ ನೋಡಿ ಸತ್ತಿದೆ ಅಂದ ಮೆಕ್ಯಾನಿಕ್ ಯಾರು ಅಂತ ಕೇಳಿದ್ರು. ನಿನ್ನ ಹೆಸರು ಹೇಳಿದ್ದೇನೆ. ಅದು ಹೇಗಾಯ್ತು ಅಂತ ಮಕ್ಕಳೆದುರು ನೀನೇ ಬಂದು ಹೇಳ್ಬೇಕಂತೆ. ಕಷಾಯ ಕುಡಿ, ಆರ್ತದೆ. ನಾನೂ ಬರ್ತೇನೆ."