ವಾಡಿ ಗಿರಣಿಯ ಪಟ್ಟಾ ಪ್ರಕರಣ

ಯಂತ್ರ ತಿರುಗಿಸಲು ಹೊಸ ಚರ್ಮದ ಪಟ್ಟಾ ಬೇಕೆಂದರೆ ತೊಂಬತ್ತು ರೂಪಾಯಿ. ಅದನ್ನು ಹೊಲಿಯುವ ತೊಗಲಿನ ದಾರ ಎಂಟಾಣೆ. ಗಿರಣಿ ಒಂದು ತಾಸು ನಿಂತರೆ ಅರವತ್ತು ಚೀಲ ಸುಣ್ಣದಪುಡಿ ನಷ್ಟ. ಈ ಲೆಕ್ಕದ ಚೀಟಿ ಹಿಡಿದು ಗಿರಣಿಯ ಮ್ಯಾನೇಜರ್ ಜಯತೀರ್ಥರಾಯರು 1936ರ ಜನವರಿ 14ರಂದು ಬೆಳಿಗ್ಗೆ ಒಂಬತ್ತಕ್ಕೆ ವಾಡಿ ಠಾಣೆಗೆ ಬಂದರು. ಒಂದೇ ತಿಂಗಳಲ್ಲಿ ಮೂರು ಸಲ, ಊಟದ ಬಿಡುವಿನಲ್ಲಿ, ಯಾರೋ ಪಟ್ಟಾದ ಹೊಲಿಗೆ ಕಡಿದಿದ್ದಾರೆಂಬುದು ಅವರ ದೂರು.

"ಯಾರ ಮ್ಯಾಲ ಸಂಶಯ?" ಠಾಣೆಯ ಮುಖ್ಯಸ್ಥ, ಅಮೀನ್ ಮೆಹತಾಬ್ ಅಲಿ ಕೇಳಿದರು.

"ಚೀಲ ತುಂಬೋ ಹೆಂಗಸರ ಮ್ಯಾಲ್ರಿ. ಕೆಲಸಗಳ್ಳರು."

ಎಫ್‌ಐಆರ್ ಬರೆದು, ಹತ್ತೂವರೆಗೆ ಅಮೀನರು ಪೊಲೀಸ್ ಜವಾನ ಅಂಬರಾಯನೊಡನೆ ಗಿರಣಿ ಮುಟ್ಟಿದರು. ಪುಡಿ ಹಾರಿಹೋಗಬಾರದೆಂದು ಚೀಲ ತುಂಬುವ ಕೋಣೆಗೆ ಕಿಟಕಿಯನ್ನೇ ಇಟ್ಟಿರಲಿಲ್ಲ. ಒಳಗೆ ಹೋದ ಅಂಬರಾಯ ಬಿಳಿ ಮೀಸೆ ಹೊತ್ತು ಕೆಮ್ಮುತ್ತ ಹೊರಬಂದ.

"ಏನ್ ಜವಾನಸಾಬ್, ಇಷ್ಟರಾಗ ಮುದುಕ ಆದ್ರ್ಯಾ?" ಚೀಲ ತುಂಬುವ ಜೈತುನ್‌ಬೀ ನಕ್ಕಳು. "ನಾವು ಹನ್ನೆರಡು ತಾಸು ಇದರಾಗೇ ಇರ್ತೀವಿ."

"ಹೊಲಿಗಿ ಕಡದವ್ರು ಯಾರು?" ಅಮೀನರು ಕೇಳಿದರು.

"ಯಾರರ ಇರಲಿ, ಅವರ ಹೊಟ್ಟಿ ತಣ್ಣಗಿರಲಿ. ಮೂರು ಸಲ ಹೊರಗ ಕುಂತು ಗಾಳಿ ಕುಡದೀವಿ."

ಪಂಚರ ಎದುರು ಪಟ್ಟಾ ಬಿಡಿಸಿ ನೋಡಿದರು. ಹೊಲಿಗೆಯ ತೂತುಗಳು ಹರಿದಿರಲಿಲ್ಲ, ಚಾಕುವಿನ ಗುರುತೂ ಇರಲಿಲ್ಲ. ಪಟ್ಟಾ ಹೊಲಿಯುವ ಕಲ್ಯಾಣಪ್ಪನ ಕೋಣೆಯ ಗೂಡಿನಲ್ಲಿ ಮೂರು ಹಳೆಯ ದಾರ ಸಿಕ್ಕವು: ಇಡಿಯಾಗಿ, ಎಣ್ಣೆ ಸವರಿ, ಸುತ್ತಿಟ್ಟಿದ್ದವು. ಹಗೆಯವನಾಗಿದ್ದರೆ ಕಡಿಯುತ್ತಿದ್ದ. ಇವು ಹೊಲಿಗೆಯಿಂದ ಬಿಚ್ಚಿ ತೆಗೆದವು.

ಅಮೀನರು ಕಲ್ಯಾಣಪ್ಪನಿಗೆ ಹಳೆಯ ಪಟ್ಟಾದ ಎರಡು ತುದಿ ಕೊಟ್ಟು ಹೊಲಿಯಲು ಹೇಳಿ, ಅವನ ಕೈಚಳಕವನ್ನು ಹೊಗಳುತ್ತ ಕುಳಿತರು. ಹಿಗ್ಗಿದ ಕಲ್ಯಾಣಪ್ಪ ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದ.

"ಮೂರು ಸಲನೂ ಮೂರು ತಾಸು ಹಿಡೀತು ಅಂತ ರಾಯರು ಬರೆಸ್ಯಾರ. ಉಳದ ಹೊತ್ತು ಏನ್ ಮಾಡ್ತಿದ್ದಿ?"

ಕಲ್ಯಾಣಪ್ಪ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ.

"ನನ್ನ ಹೆಂಡ್ತಿ ಸೂಗಮ್ಮ ಆ ಕೋಣ್ಯಾಗ ಇದ್ದಾಳ್ರಿ. ಗ್ವಾಡಿ ಈಚೆ ಕುಂತು ದಿನಾ ಆಕಿ ಕೆಮ್ಮು ಕೇಳಾಕತ್ತೀನಿ. ಈಗ ನೆತ್ತರ ಬೀಳಾಕತ್ತದ. ಕಿಟಕಿ ಇಡಸ್ರಿ ಅಂತ ರಾಯರಿಗಿ ಎರಡು ಸಲ ಕೈ ಮುಗದೀನಿ."

"ದಾರ ಯಾಕ ಕಡೀಲಿಲ್ಲ? ಕಡದಿದ್ರ ನನಗ ತಿಳೀತಿರಲಿಲ್ಲ."

"ಛಲೋ ತೊಗಲ್ರಿ. ಕಡೀಲಿಕ್ಕ ಕೈ ಬರಲಿಲ್ಲ."

ಮೂರೂಕಾಲಿಗೆ ಕಲ್ಯಾಣಪ್ಪನ ದಸ್ತಗಿರಿ ಆಯಿತು. ಅಮೀನರು ಬೇಡಿ ಹಾಕಿಸಲಿಲ್ಲ. ಹೆಂಗಸರೆಲ್ಲ ಹೊರಗೆ ಬಂದು ನಿಂತರು. ಜೈತುನ್‌ಬೀ ಅವನಿಗೆ ನೀರು ಕೊಟ್ಟು, "ಅಣ್ಣಾ, ಇವತ್ತಿನಿಂದ ಸೂಗವ್ವನ ಚೀಲ ನಾವು ತುಂಬ್ತೀವಿ. ನೀ ಚಿಂತಿ ಮಾಡಬ್ಯಾಡ" ಅಂದಳು. ಸೂಗಮ್ಮ ಸೆರಗಿನಿಂದ ಗಂಡನ ಹೆಗಲ ಮೇಲಿನ ಪುಡಿ ಒರೆಸಿದಳು.

ಚರ್ಮಕ್ಕೆ ಏನೂ ಹಾನಿಯಾಗಿಲ್ಲವೆಂದು ಪಂಚನಾಮೆಯಲ್ಲಿ ಬರೆದಿತ್ತು. ಅಮೀನರು ಶಹಾಬಾದಿನಿಂದ ಡಾಕ್ಟರರನ್ನು ಕರೆಸಿ, ಇಪ್ಪತ್ತು ಹೆಂಗಸರನ್ನೂ ತಪಾಸಣೆ ಮಾಡಿಸಿ, ವರದಿಯನ್ನು ಅದಕ್ಕೆ ಹೊಲಿದಿದ್ದರು. ಅದನ್ನು ಓದಿದ ಮುನ್ಸಿಫರು ಹದಿನೈದು ದಿನದ ಸಾದಾ ಸೆರೆ ಶಿಕ್ಷೆ ಕೊಟ್ಟು, ವರದಿಯ ನಕಲನ್ನು ತಾಲ್ಲೂಕು ಕಚೇರಿಗೆ ಕಳಿಸಿದರು. ಕೋಣೆಗೆ ಕಿಟಕಿ ಇಡಬೇಕೆಂದು ಅಲ್ಲಿಂದ ಗಿರಣಿಗೆ ಹುಕುಂ ಬಂತು.

ಕಲ್ಯಾಣಪ್ಪನ ಹತ್ತೊಂಬತ್ತು ವರ್ಷದ ನೌಕರಿ ಹೋಯಿತು. ಕೋಣೆಗೆ ನಾಲ್ಕು ಕಿಟಕಿ ಬಂದವು. ಯುಗಾದಿಯ ಹೊತ್ತಿಗೆ ಸೂಗಮ್ಮನ ಕೆಮ್ಮಿನಲ್ಲಿ ನೆತ್ತರು ನಿಂತಿತ್ತು. ಕೆಮ್ಮು ಮಾತ್ರ ಉಳಿಯಿತು.