ಕಾವು ತಾಗದ ಮುಚ್ಚಳ

ಟೇಲರ್ ಅಂಗಡಿಯಲ್ಲಿ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ನಡುವೆ ತಟ್ಟೆಯಗಲದ ಕರಿ ಕಲೆ. ಅದರ ಮೇಲೆ ಮುದ್ದೆಯಾದ ಮೊಬೈಲ್. ಮೂಲೆಯ ಸ್ಟೂಲಿನಲ್ಲಿ ಟೇಲರನ ಹೆಂಡತಿ. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು.

"ಚಾರ್ಜಿಗೆ ಹಾಕಿ ಹೊರಗೆ ಟೀ ಕುಡೀತಿದ್ದೆ ಮೇಡಂ. ಢಬ್ ಅಂತು," ಎಂದ ಟೇಲರ್. "ಎದುರಂಗಡಿ ರಿಪೇರಿಯವಳು ಮೊನ್ನೆ ಈ ಫೋನು ಬಿಚ್ಚಿದ್ಲು. ಅವಳದೇ ಕಿತಾಪತಿ."

"ನೀವೆಲ್ಲಿದ್ರಮ್ಮ?" ಎಸ್‌ಐ ಮೇಡಂ ಸ್ಟೂಲಿನತ್ತ ತಿರುಗಿದರು.

"ನಾನು ಹಿಂದಿನ ಕೋಣೇಲಿದ್ದೆ. ಓಡಿ ಬಂದಾಗ ಇಲ್ಲಿ ಯಾರೂ ಇರ್ಲಿಲ್ಲ. ಉರಿಯೋ ಬಟ್ಟೆ ನಾನೇ ಎಳೆದು ಹಾಕ್ದೆ."

ಮೇಡಂ ಎದುರಿಗೆ ನೋಡಿದರು. ಟೇಲರನ ದೂರು ಬಂದ ಕೂಡಲೇ ಮೊಬೈಲ್ ರಿಪೇರಿ ಅಂಗಡಿಗೆ ಅವರೇ ಬೀಗ ಹಾಕಿಸಿದ್ದರು. ದೂರು ನಿಜವಾದರೆ ಆ ಬಾಗಿಲು ಮತ್ತೆ ತೆರೆಯುವಂತಿರಲಿಲ್ಲ.

\* \* \*

ರಿಪೇರಿಯವಳು ತನ್ನ ಮೆಟ್ಟಿಲ ಮೇಲೆಯೇ ಕೂತಿದ್ದಳು.

"ಬ್ಯಾಟರಿ ಉಬ್ಬಿತ್ತು. ಚಾರ್ಜ್ ಮಾಡ್ಬೇಡಿ, ಒತ್ಬೇಡಿ, ಇಲ್ಲೇ ಬಿಟ್ಟುಹೋಗಿ, ಗುರುವಾರ ಹೊಸದು ಬರುತ್ತೆ ಅಂದೆ. ‘ಅಲ್ಲಿತನಕ ಗಿರಾಕಿ ಫೋನು ನೀನು ಎತ್ತುತ್ತೀಯಾ’ ಅಂತ ಕಿತ್ಕೊಂಡು ಹೋದ್ರು."

"ಸಾಕ್ಷಿ?"

"ನನ್ನ ಬಾಯಿಮಾತು, ಅಷ್ಟೇ."

ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರೆ. ಮೇಡಂ ಬೀಗ ತೆಗೆದು ಒಳಗೆ ಜಾಲಾಡಿದರು. ಮೇಜಿನಡಿ ಮರಳು ತುಂಬಿದ ಡಬ್ಬ, ಅದರಲ್ಲಿ ಉಬ್ಬಿದ ಹಳೆಯ ಬ್ಯಾಟರಿಗಳು. ಒಂದೊಂದಕ್ಕೂ ಬೆಂಕಿ ಹತ್ತದಂತೆ ತುದಿಗೆ ಅಂಟು ಟೇಪು ಸುತ್ತಿತ್ತು. ಇಷ್ಟು ಹೆದರುವವಳು ಅಷ್ಟು ಅಸಡ್ಡೆ ಮಾಡುತ್ತಾಳೆಯೇ? ಅನುಮಾನ ರಸ್ತೆ ದಾಟಿತು. ಮೇಡಂ ಮತ್ತೆ ಬೀಗ ಹಾಕಿ ಅದರ ಹಿಂದೆಯೇ ಹೊರಟರು.

\* \* \*

"ನಿಮ್ಮ ಅಳತೆ ಟೇಪು ಕೊಡಿ."

ಟೇಲರ್ ಬೊಬ್ಬೆಯೆದ್ದ ಹೆಬ್ಬೆರಳನ್ನು ಮಡಚಿಕೊಂಡೇ ಕೊರಳಿನಿಂದ ತೆಗೆದುಕೊಟ್ಟ. ಚಾರ್ಜರ್ ಗೋಡೆಯಲ್ಲೇ ಇತ್ತು. ವಯರು ಮೂರಡಿ, ಒಂದಿಷ್ಟೂ ಕರಗಿರಲಿಲ್ಲ. ಪ್ಲಗ್ಗಿನಿಂದ ಕರಿ ಕಲೆಗೆ ಒಂಬತ್ತಡಿ.

"ವಯರು ರಬ್ಬರಿನ ಹಾಗೆ ಎಳೆದರೆ ಹಿಗ್ಗುತ್ತಾ?"

ಮೇಡಂ ಬಗ್ಗಿ ಚಿಂದಿ ರಾಶಿ ಕೆದಕಿದರು. ಮೊಬೈಲಿನ ಹಿಂಬದಿ ಮುಚ್ಚಳ ಸಿಕ್ಕಿತು. ಮಸಿಯ ಗುರುತೂ ಇಲ್ಲ.

"ಇದಕ್ಕೆ ಕಾವೇ ತಾಗಿಲ್ಲ. ಅಂದ್ರೆ ಬೆಂಕಿಗೆ ಮೊದಲೇ ಯಾರೋ ತೆಗೆದಿದ್ದಾರೆ. ಫೋನು ಚಾರ್ಜಿನಲ್ಲಿರಲಿಲ್ಲ, ಈ ಮೇಜಿನ ಮೇಲೆ ಬಾಯಿ ಬಿಟ್ಕೊಂಡು ಬಿದ್ದಿತ್ತು. ಟೀ ಕುಡೀತಿದ್ದವರ ಹೆಬ್ಬೆರಳಿಗೆ ಬೊಬ್ಬೆ ಯಾಕೆ?"

"ಇಸ್ತ್ರಿಪೆಟ್ಟಿಗೆ ತಾಗ್ತು."

ಸ್ಟೂಲಿನಿಂದ ಮೆಲ್ಲಗೆ ಮಾತು ಬಂತು. "ರೀ, ಬೆಳಿಗ್ಗೆ ದಬ್ಬಳ ಎಲ್ಲಿ ಅಂತ ಕೇಳಿದ್ರಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಸುಮ್ನಿರು ಅಂದ್ರಿ."

ಆ ದಪ್ಪ ಸೂಜಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿತ್ತು. ತುದಿ ಕರ್ರಗೆ.

ಟೇಲರನ ಭುಜ ಇಳಿಯಿತು. "ಒಳಗೆ ಗಾಳಿ ತುಂಬ್ಕೊಂಡಿದೆ ಅಂದ್ಕೊಂಡೆ. ತೂತು ಹಾಕಿದ್ರೆ ಇಳಿಯುತ್ತೆ, ಮುಚ್ಚಳ ಕೂರುತ್ತೆ ಅಂತ. ಬುಸ್ ಅಂತ ಬೆಂಕಿ ಬಂತು. ಓಡ್ಬಿಟ್ಟೆ. ಆಮೇಲೆ ಇವಳ ಕೈ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ."

"ಇಳಿಯೋಕೆ ಅದೇನು ಸೈಕಲ್ ಟ್ಯೂಬಾ?" ಮೇಡಂ ಜೇಬಿನಿಂದ ಎದುರಂಗಡಿಯ ಬೀಗದ ಕೈ ತೆಗೆದರು. "ಚುಚ್ಚಿದ್ದು ತಪ್ಪು ತಿಳುವಳಿಕೆ. ಸುಳ್ಳು ದೂರು ಕೊಟ್ಟಿದ್ದು ಹಾಗಲ್ಲ. ಸ್ಟೇಷನ್ನಿಗೆ ಬರ್ಬೇಕಾಗುತ್ತೆ."

ಹೆಂಡತಿ ಎಡಗೈ ಚಾಚಿ ಕೀಲಿ ತೆಗೆದುಕೊಂಡಳು. ಗಂಡನ ಮುಂದೆ ಹಿಡಿದಳು.

"ಮೊದ್ಲು ಹೋಗಿ ಅವಳ ಅಂಗಡಿ ಶಟರ್ ಎತ್ತಿಕೊಡಿ. ನಾನೇ ಎತ್ತುತ್ತಿದ್ದೆ, ಒಂದೇ ಕೈಯಲ್ಲಿ ಆಗಲ್ಲ."