ಬಲಗಡೆಯ ಕುರ್ಚಿ

ಬೆಳಿಗ್ಗೆ ಬಾಗಿಲು ತೆರೆದ ಗುಮಾಸ್ತ ಹೊಸ್ತಿಲಲ್ಲೇ ನಿಂತ. ರಾಜ್ಯದ ಮೇಲ್ಮನವಿ ನ್ಯಾಯಾಲಯದ ಒಳಕೋಣೆಯಲ್ಲಿ ನ್ಯಾಯಮೂರ್ತಿ ಥಾರ್ನ್ ಮೇಜಿನ ಮೂರು ಕುರ್ಚಿಗಳಲ್ಲಿ ಬಲಗಡೆಯದರಲ್ಲಿ ಕೂತಿದ್ದರು. ತಲೆಯ ಹಿಂಭಾಗ ಒಡೆದಿತ್ತು.

ರಕ್ತವಿದ್ದದ್ದು ಕಿಟಕಿಯ ಬಳಿ. ಅಲ್ಲಿಂದ ಎಡಗುರ್ಚಿಯನ್ನು ದಾಟಿ, ಮೇಜನ್ನು ಸುತ್ತಿ, ಬಲಗುರ್ಚಿಯವರೆಗೆ ಬೂಟು ಎಳೆದ ಗುರುತು.

ಷರೀಫ್ ಪೆಲ್ ಬರುವಷ್ಟರಲ್ಲಿ ಹೆಸ್ಟರ್ ಕೆಟಲ್‌ಳನ್ನು ಹಿಡಿದು ತಂದಿದ್ದರು. ಅವಳ ಗಂಡ ಜೋನಸ್‌ಗೆ ನಾಳೆ ಗಲ್ಲು. ನಿನ್ನೆ ಸಂಜೆ ಅವಳು ಥಾರ್ನ್ ಅವರನ್ನು ಬೇಡಿಕೊಳ್ಳಲು ಬಂದಿದ್ದಳು.

"ಇವಳೇ," ಎಂದರು ನ್ಯಾಯಮೂರ್ತಿ ಹಾಲಿಸ್. ಕುದುರೆಯೇರಿ ಜಿಲ್ಲೆಗಳಲ್ಲಿ ವಿಚಾರಣೆ ನಡೆಸುವಾಗ ಜೋನಸ್‌ಗೆ ಗಲ್ಲು ವಿಧಿಸಿದವರು ಅವರು.

"ನಾನ್ಯಾಕೆ ಕೊಲ್ಲಲಿ? ನನ್ನ ಗಂಡನ ಪರ ಇದ್ದ ಸಾಕ್ಷೀನ ಮುಚ್ಚಿಟ್ಟಿದ್ದು ನೀವು ಅಂತ ಥಾರ್ನ್ ಸಾಹೇಬ್ರಿಗೆ ಗೊತ್ತಾಗಿತ್ತು. ನಿಮ್ಮನ್ನೇ ಕೇಳ್ತೀನಿ ಅಂದಿದ್ರು!"

"ಬಾಯಿಗೆ ಬಂದದ್ದು ಹೇಳ್ತಾಳೆ. ನಿನ್ನೆ ಮಧ್ಯಾಹ್ನದ ಮೇಲೆ ನಾನು ಥಾರ್ನ್ ಮುಖಾನೇ ನೋಡಿಲ್ಲ."

ಪೆಲ್ ಹೆಣದ ಮುಂದೆ ನಿಂತ. "ಇದು ನಿಮ್ಮ ಕುರ್ಚಿ ಅಲ್ವಾ ಸ್ವಾಮಿ? ನಡುವೆ ಮುಖ್ಯರು, ಬಲಕ್ಕೆ ಹಿರಿಯರು, ಎಡಕ್ಕೆ ಕಿರಿಯರು. ಥಾರ್ನ್ ಎಡಗಡೆಯವರು. ಪಾಪ, ಕೊಂದವರಿಗೆ ಅದೂ ತಿಳೀಲಿಲ್ಲ."

"ಏನ್ರೀ ತಿಳೀದೆ ಇರೋದು? ಸರಿಯಾಗೇ ಇದೆ!" ಹಾಲಿಸ್ ಕೆಂಪಾದರು. "ಹೋದ ವಾರ ಮುಖ್ಯರು ತೀರಿಕೊಂಡ್ರಲ್ಲ, ಈಗ ಆ ಜಾಗ ನನ್ನದು. ಬಲಗಡೇದು ಥಾರ್ನ್‌ಗೆ, ಎಡಗಡೇದು ಇವರಿಗೆ."

ಅವರು ತೋರಿಸಿದ ಹೊಸ ನ್ಯಾಯಮೂರ್ತಿ ಏಮ್ಸ್ ಆಗಷ್ಟೇ ರೈಲಿಳಿದು ಬಂದಿದ್ದರು. "ನೀವು ಮುಖ್ಯರಾ? ನನಗ್ಯಾರೂ ಹೇಳಲೇ ಇಲ್ಲ!"

"ನಿನ್ನೆ ಸಂಜೆ ಗವರ್ನರ್ ತಂತಿ ಬಂತು. ಇವತ್ತು ಪೀಠದಲ್ಲೇ ಹೇಳೋಣ ಅಂತಿದ್ದೆ. ಯಾರಿಗೂ ಹೇಳಿಲ್ಲ."

"ಥಾರ್ನ್‌ಗೂ?" ಪೆಲ್ ಕೇಳಿದ.

"ಯಾರಿಗೂ—"



"ಎಲ್ಲರೂ ರಕ್ತ ನೋಡಿದ್ರು, ಕುರ್ಚಿ ನೋಡಲಿಲ್ಲ," ಎಂದ ಪೆಲ್. "ಕೆಲಸ ಮಾಡ್ತಾ ಕೂತ ಹಾಗೆ ಕಾಣಲಿ ಅಂತ ಹೆಣ ಎಳೆದಿದ್ದಾರೆ. ಗುಮಾಸ್ತ ಆಗಲಿ, ಈ ಹೆಂಗಸಾಗಲಿ, ಕಿಟಕಿ ಪಕ್ಕದ ಎಡಗುರ್ಚಿಯಲ್ಲೇ ಕೂರಿಸ್ತಿದ್ರು. ಅದನ್ನ ದಾಟಿಸಿ ಮೇಜು ಸುತ್ತಿಸಿದ್ದು ಯಾಕೆ? ಹೆಣಕ್ಕೂ ಬಡ್ತಿ ಕೊಡಬೇಕಾದ್ರೆ ಬಡ್ತಿ ವಿಷಯ ಗೊತ್ತಿರಬೇಕು. ಗೊತ್ತಿದ್ದದ್ದು ನಿಮಗೊಬ್ಬರಿಗೇ, ಹಾಲಿಸ್ ಅವರೇ."

 

ಏಮ್ಸ್ ಜೋನಸ್‌ನ ಗಲ್ಲು ತಡೆಯುವ ಆದೇಶ ಬರೆದು ಸಹಿ ಹಾಕಿದರು. ತಲೆಯೆತ್ತಿದರು. "ಇಬ್ಬರ ಸಹಿ ಬೇಕು. ಉಳಿದಿರೋದು ನಾನೊಬ್ಬ."



"ಇವರನ್ನ ಇನ್ನೂ ಯಾರೂ ಹುದ್ದೆಯಿಂದ ತೆಗೆದಿಲ್ಲವಲ್ಲ?" ಹೆಸ್ಟರ್ ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಹಾಲಿಸ್ ಮುಂದೆ ಹಿಡಿದಳು. "ಹಾಕಿ."

ಹಾಲಿಸ್ ಅವಳನ್ನು ನೋಡಿದರು. ನಿಧಾನವಾಗಿ ಹೋಗಿ ನಡುವಿನ ಕುರ್ಚಿಯಲ್ಲಿ ಕೂತರು. ಸಹಿ ಹಾಕಿದರು. ಕಾಗದ ಮರಳಿಸುವ ಮುನ್ನ, ಹೆಸರಿನ ಕೆಳಗೆ ದುಂಡಗೆ 'ಮುಖ್ಯ ನ್ಯಾಯಮೂರ್ತಿ' ಎಂದು ಬರೆದು, ಶಾಯಿ ಒಣಗಲೆಂದು ಊದಿದರು.